ಟೈಮ್ ಸರಿಯಾಗಿದೆ ಅಂದ್ರೆ ವಾಚ್ ಸರಿಯಾಗಿದೆ ಅಂತಲ್ಲ

"ಟೈಮ್ ಸರಿಯಾಗಿ ತೋರಿಸ್ತಿದೆ ಅಲ್ವಾ ಸಾರ್, ಮತ್ತೆ ಸರ್ವಿಸ್ ಯಾಕೆ?"

ವಾಚ್ ರಿಪೇರಿ ಮಾಡುವ ನನಗೆ ಈ ಮಾತು ಕೇಳಿಸಿಕೊಳ್ಳದ ವಾರವೇ ಇಲ್ಲ. ಸಾಮಾನ್ಯ ವಾಚ್ ತಂದವರು ಹೇಳಿದರೆ ಅಷ್ಟು ಬೇಜಾರಾಗುವುದಿಲ್ಲ. ಕೆಟ್ಟರೆ ಅದರ ಮಷೀನನ್ನೇ ಬದಲಿಸಬಹುದು. ಆದರೆ ತಯಾರಿಕೆ ನಿಂತುಹೋದ ವಾಚ್, ಅದರಲ್ಲೂ ಕಂಪನಿ ತನ್ನ ಕಾರ್ಖಾನೆಯಲ್ಲೇ ಮಾಡಿದ ಮಷೀನ್ ಇರುವ ವಾಚ್ ಕಟ್ಟಿಕೊಂಡವರು ಹೇಳಿದಾಗ ಸಂಕಟವಾಗುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬರು ಬಂದಿದ್ದರು. ಕೆಲಸದ ಮೇಲೆ ಕೆಲವು ವರ್ಷ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದ್ದವರು. ಕೈಯಲ್ಲಿ ಅಂಥದ್ದೇ ಒಂದು ವಾಚ್, ಗ್ಲಾಸ್‌ಹ್ಯೂಟೆ ಒರಿಜಿನಲ್ ಎಂಬ ಜರ್ಮನ್ ಕಂಪನಿಯ ಸೆನೇಟರ್ ನ್ಯಾವಿಗೇಟರ್. ದೊಡ್ಡ ತಾರೀಖಿನ ಪೈಲಟ್ ವಾಚ್. ಅಲ್ಲೇ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ಬಂದದ್ದು ಬೆಲ್ಟ್ ಹಾಕಿಸಲು ಮಾತ್ರ. ಬೆಲ್ಟ್ ಬಿಚ್ಚಿದವನು ವಾಚನ್ನು ಸುಮ್ನೆ ಲೂಪ್, ಅಂದರೆ ಕಣ್ಣಿಗೆ ಹಾಕುವ ಭೂತಗನ್ನಡಿಯ ಕೆಳಗೆ ಹಿಡಿದೆ. ಹಿಡಿದ ಮೇಲೆ ಇಡಲು ಮನಸ್ಸಾಗಲಿಲ್ಲ.

ಕಪ್ಪು ಡಯಲ್. ಕತ್ತಲಲ್ಲೂ ಕಾಣುವ ದಪ್ಪ ಅಂಕಿಗಳು. ತಾರೀಖಿನ ಎರಡು ಅಂಕಿಗಳು ಎರಡು ಬೇರೆ ಬೇರೆ ತಟ್ಟೆಗಳ ಮೇಲಿವೆ, ಆದರೂ ಒಂದೇ ಮಟ್ಟದಲ್ಲಿವೆ. ನಡುವೆ ಅಡ್ಡಗೆರೆ ಇಲ್ಲ. ಒಂದು ತಟ್ಟೆಯನ್ನು ಇನ್ನೊಂದರ ಮೇಲೆ ಇಟ್ಟಿದ್ದರೆ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಕಂಪನಿಯವರು ಒಂದರೊಳಗೊಂದು ಕೂರಿಸಿದ್ದಾರೆ. ಒಳಗಿನ ಮಷೀನಿನ ಮಾದರಿ ಕ್ಯಾಲಿಬರ್ 100. ಅದರಲ್ಲಿ ಒಂದು ಗುಂಡಿ ಒತ್ತಿದರೆ ಸೆಕೆಂಡ್ ಮುಳ್ಳು ಓಡಿಬಂದು ಸೊನ್ನೆಯ ಮೇಲೆ ನಿಲ್ಲುತ್ತದೆ.

ಈ ಗುಂಡಿ ಏಕೆ ಅಂತ ವಾಚ್ ತಂದವರಿಗೆ ಗೊತ್ತಿರಲಿಲ್ಲ. ಪೈಲಟ್ ವಾಚ್ ಮೊದಲು ದಾರಿ ಹುಡುಕುವ ಸಾಧನವಾಗಿತ್ತು. ಎರಡನೇ ಮಹಾಯುದ್ಧದ ಜರ್ಮನ್ ವಾಯುಪಡೆಯ ದೊಡ್ಡ ವಾಚುಗಳು 55 ಮಿಲಿಮೀಟರ್ ಅಗಲ ಇದ್ದವು. ಜಾಕೆಟ್ಟಿನ ತೋಳಿನ ಮೇಲೆ ಉದ್ದ ಬೆಲ್ಟಿನಿಂದ ಕಟ್ಟುತ್ತಿದ್ದರು. ಅವುಗಳಿಗೆ ವೀಕ್ಷಕನ ವಾಚ್ ಎಂದೇ ಹೆಸರು. ವಿಮಾನ ಎಲ್ಲಿದೆ ಎಂದು ಲೆಕ್ಕ ಹಾಕುವವನ ಕೈಯಲ್ಲಿ ಇರುತ್ತಿದ್ದವು. ಸಮಭಾಜಕದ ಹತ್ತಿರ 4 ಸೆಕೆಂಡ್ ತಪ್ಪಿದರೆ ಲೆಕ್ಕ ಒಂದು ನಾಟಿಕಲ್ ಮೈಲು ತಪ್ಪುತ್ತದೆ. ಹಾಗಾಗಿ ಹೊರಡುವ ಮುಂಚೆ ಎಲ್ಲರೂ ಸೆಕೆಂಡಿಗೆ ಸೆಕೆಂಡ್ ಹೊಂದಿಸಿಕೊಳ್ಳಲೇಬೇಕಿತ್ತು. ಸೆಕೆಂಡ್ ಮುಳ್ಳಿಗೆ ಇಷ್ಟು ಮರ್ಯಾದೆ ಬಂದದ್ದು ಆ ಕೆಲಸದಿಂದ. ಆ ಯುದ್ಧ ಎಂಥದ್ದು ಅಂತ ನಮಗೆಲ್ಲ ಗೊತ್ತು, ಅದನ್ನು ಮರೆತು ಆ ವಾಚುಗಳನ್ನು ಹೊಗಳಬಾರದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ಜರ್ಮನ್ ಪೈಲಟ್ ವಾಚುಗಳೆಲ್ಲ ಸ್ವಂತ ಮಷೀನಿನವು ಎಂದು ಜನ ನಂಬುತ್ತಾರೆ. ಹಾಗಲ್ಲ. ಸ್ಟೋವಾ, ವೆಂಪೆ ಎಂಬ ಎರಡು ಜರ್ಮನ್ ಕಂಪನಿಗಳೂ ಸ್ವಿಸ್ ಮಷೀನ್ ಹಾಕುತ್ತಿದ್ದವು. ಗ್ಲಾಸ್‌ಹ್ಯೂಟೆ ಊರಿನ ಕಥೆ ಬೇರೆ. 1845ರಲ್ಲಿ ಫರ್ಡಿನಾಂಡ್ ಆಡಾಲ್ಫ್ ಲಾಂಗೆ ಅಲ್ಲಿ ಕೆಲಸ ಶುರು ಮಾಡಿದ್ದು. 1941ರಲ್ಲಿ ಅದೇ ಊರಿನಲ್ಲಿ ಉರೋಫಾ 59 ಎಂಬ ಮಷೀನ್ ಬಂತು, ಟುಟಿಮಾ ಎಂಬ ಹೆಸರಿನ ಪೈಲಟ್ ವಾಚಿನೊಳಗೆ ಇದ್ದದ್ದು ಅದು. 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧದ ಕೊನೆಯ ದಿನ, ಊರಿನ ಮೇಲೆ ಬಾಂಬ್ ಬಿತ್ತು. ಉಳಿದ ಯಂತ್ರಗಳನ್ನು ಸೋವಿಯತ್ತಿನವರು ಕಿತ್ತು ಸಾಗಿಸಿದರು. 1951ರಲ್ಲಿ ಊರಿನ ಕಂಪನಿಗಳನ್ನೆಲ್ಲ ಸೇರಿಸಿ ಪೂರ್ವ ಜರ್ಮನಿಯ ಸರ್ಕಾರ ಒಂದೇ ಕಾರ್ಖಾನೆ ಮಾಡಿತು. ಇಂದಿನ ಗ್ಲಾಸ್‌ಹ್ಯೂಟೆ ಒರಿಜಿನಲ್ ಅದರ ವಾರಸುದಾರ. ಇಷ್ಟೆಲ್ಲ ಆದಮೇಲೂ ಅಲ್ಲಿ ಸ್ವಂತ ಮಷೀನ್ ಮಾಡುವ ಕೈಗಳು ಉಳಿದವು ಎನ್ನುವುದು ನನಗೆ ಇವತ್ತಿಗೂ ಬೆರಗು.

ಮತ್ತೆ ನನ್ನ ಟೇಬಲ್ಲಿಗೆ ಬರುತ್ತೇನೆ. ವಾಚನ್ನು ಟೈಮ್‌ಗ್ರಾಫರ್ ಮೇಲೆ ಇಟ್ಟೆ. ಬಡಿತ ಕೇಳಿ ವಾಚಿನ ಓಟ ಅಳೆಯುವ ಯಂತ್ರ ಅದು. ದಿನಕ್ಕೆ 3 ಸೆಕೆಂಡ್ ಮುಂದೆ. "ನೋಡಿದ್ರಾ!" ಎಂದರು ಅವರು, ಖುಷಿಯಿಂದ. ಪಕ್ಕದ ಅಂಕಿ ನೋಡಿ ಎಂದೆ. ಬ್ಯಾಲೆನ್ಸ್ ಚಕ್ರ, ಅಂದರೆ ಆ ಕಡೆ ಈ ಕಡೆ ತೂಗುತ್ತಾ ವಾಚಿನ ಓಟವನ್ನು ಹಿಡಿತದಲ್ಲಿಡುವ ಚಕ್ರ, ಎಷ್ಟು ಡಿಗ್ರಿ ತೂಗುತ್ತಿದೆ ಎಂದು ಅದು ತೋರಿಸುತ್ತದೆ. ಪೂರ್ತಿ ಕೀ ಕೊಟ್ಟ, ಆರೋಗ್ಯವಾಗಿರುವ ಮಷೀನ್ ಮಲಗಿಸಿದಾಗ ಹೆಚ್ಚುಕಡಿಮೆ 270ರಿಂದ 310 ಡಿಗ್ರಿ ತೂಗಬೇಕು. ಇದು 212 ಇತ್ತು. ಎತ್ತಿ ನಿಲ್ಲಿಸಿದರೆ 180.

ಜನಕ್ಕೆ ಅರ್ಥವಾಗದೇ ಇರುವುದು ಇದೊಂದೇ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ತೊಟ್ಟಿಲು ತೂಗಿ ನೋಡಿದ್ದೀರಲ್ವಾ? ಸ್ವಲ್ಪ ಜೋರಾಗಿ ತೂಗಿದರೂ, ಮೆಲ್ಲಗೆ ತೂಗಿದರೂ, ಒಂದು ಸಲ ಹೋಗಿ ಬರಲು ಅದು ತೆಗೆದುಕೊಳ್ಳುವ ಹೊತ್ತು ಹೆಚ್ಚುಕಡಿಮೆ ಒಂದೇ. ಬ್ಯಾಲೆನ್ಸ್ ಚಕ್ರವೂ ಹಾಗೇ. ಒಳಗೆ ಎಣ್ಣೆ ಒಣಗಿ, ಚಕ್ರಗಳು ಒದ್ದಾಡಿಕೊಂಡು ತಿರುಗುತ್ತಿದ್ದರೂ, ತೂಗುವ ದೂರ ಕಡಿಮೆಯಾಗುತ್ತದೆಯೇ ಹೊರತು ಹೊತ್ತು ತುಂಬಾ ದಿನ ಬದಲಾಗುವುದಿಲ್ಲ. ಅಂದರೆ ಟೈಮ್ ಸರಿಯಾಗಿರುವುದು ಮಷೀನ್ ಚೆನ್ನಾಗಿರುವುದಕ್ಕೆ ಸಾಕ್ಷಿಯಲ್ಲ. ಒಳ್ಳೆಯ ಮಷೀನ್ ಆದಷ್ಟೂ ಅದು ತನ್ನ ಕಾಯಿಲೆಯನ್ನು ಜಾಸ್ತಿ ದಿನ ಮುಚ್ಚಿಡುತ್ತದೆ. ಕ್ಯಾಲಿಬರ್ 100ರಲ್ಲಿ ಕೀಯ ಶಕ್ತಿ ತುಂಬಿಡುವ ಸ್ಪ್ರಿಂಗ್ ಡಬ್ಬಿಗಳು ಎರಡಿವೆ. ಎಣ್ಣೆ ಇಲ್ಲದಿದ್ದರೂ ಚಕ್ರಗಳನ್ನು ತಳ್ಳಿಕೊಂಡು ಹೋಗುವ ಶಕ್ತಿ ಅದಕ್ಕಿದೆ.

ಹಾಗೆ ತಳ್ಳಿಕೊಂಡು ಹೋಗುವಾಗ ಸವೆತ ಎಷ್ಟು ಅಂತ ಲೆಕ್ಕ ಹಾಕಿ. ಈ ಮಷೀನ್ ಗಂಟೆಗೆ 28,800 ಸಲ ಬಡಿಯುತ್ತದೆ. ದಿನಕ್ಕೆ 6,91,200. ವರ್ಷಕ್ಕೆ 25 ಕೋಟಿ ದಾಟುತ್ತದೆ. ಒಂದೊಂದು ಬಡಿತಕ್ಕೂ ಚಕ್ರಗಳ ಕೂದಲೆಳೆಯಂಥ ತುದಿಗಳು ಅವನ್ನು ಹಿಡಿದಿರುವ ಸಣ್ಣ ಕಲ್ಲುಗಳ ತೂತಿನೊಳಗೆ ಉಜ್ಜಿಕೊಳ್ಳುತ್ತವೆ. ಎಣ್ಣೆ ಇದ್ದರೆ ತೊಂದರೆ ಇಲ್ಲ. ಒಣಗಿದ್ದರೆ, ಅದರಲ್ಲಿ ಸೇರಿದ ದೂಳು ಅರದ ಹಾಗೆ ಕೆಲಸ ಮಾಡುತ್ತದೆ.

ಅವರ ಒಪ್ಪಿಗೆ ಪಡೆದು ಬಿಚ್ಚಿದೆ. ಗ್ಲಾಸ್‌ಹ್ಯೂಟೆಯ ಮುಕ್ಕಾಲು ತಟ್ಟೆ ಗೊತ್ತಿರುವವರಿಗೆ ಗೊತ್ತು. ಬೇರೆ ಮಷೀನುಗಳಲ್ಲಿ ಚಕ್ರಗಳ ಮೇಲೆ ಸಣ್ಣ ಸಣ್ಣ ಸೇತುವೆಗಳಿರುತ್ತವೆ. ಇಲ್ಲಿ ಒಂದೇ ದೊಡ್ಡ ತಟ್ಟೆ. ತೆಗೆಯುವುದು ಸುಲಭ, ಮತ್ತೆ ಕೂರಿಸುವಾಗ ಎಲ್ಲ ಚಕ್ರಗಳ ತುದಿಯೂ ಒಟ್ಟಿಗೆ ತಮ್ಮ ತಮ್ಮ ತೂತಿಗೆ ಇಳಿಯಬೇಕು. ಸ್ವಲ್ಪ ಬಲ ಹಾಕಿದರೆ ತುದಿ ಮುರಿಯುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ತಟ್ಟೆ ಎತ್ತಿದಾಗ ಒಂದು ಚಕ್ರದ ಬುಡದಲ್ಲಿ ಕಂದುಗೆಂಪು ಪುಡಿ ಕಂಡಿತು. ಒಣಗಿದ ಕುಂಕುಮ ಚೂರು ಚೆಲ್ಲಿದ ಹಾಗೆ. ಅದು ಉಕ್ಕು ಸವೆದ ಪುಡಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಚ್ಚಿನ ತುದಿಯಲ್ಲಿ ಸುತ್ತಲೂ ಗೀರು ಬಿದ್ದಿತ್ತು.

ಅವರಿಗೂ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಪ್ಪನ ಎಚ್‌ಎಂಟಿ ಪೈಲಟ್ 30 ವರ್ಷ ಏನೂ ಮಾಡಿಸದೆ ಓಡ್ತಲ್ಲ ಸಾರ್" ಅಂದರು.

ಎಚ್‌ಎಂಟಿ ಪೈಲಟ್ ಅಂದರೆ ನನಗೂ ಪ್ರಾಣ. ಆದರೆ ಅದು ಗಂಟೆಗೆ 18,000 ಸಲ ಬಡಿಯುವ ಸರಳ ಮಷೀನ್. ಅದೂ ಸವೆಯುತ್ತಿತ್ತು. ಎಲ್ಲೋ ಒಮ್ಮೆ ಪೇಟೆಯ ರಿಪೇರಿಯವರು ಚಕ್ರ ಬದಲಿಸಿ ಹತ್ತಿಪ್ಪತ್ತು ರೂಪಾಯಿ ತಗೊಂಡಿರುತ್ತಾರೆ, ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಚ್‌ಎಂಟಿಯೂ ಈಗ ನಿಂತಿದೆ ನಿಜ, ಆದರೆ ಅವರು ಲಕ್ಷಗಟ್ಟಲೆ ಮಾಡಿದ್ದರು. ನನ್ನ ಡ್ರಾಯರಿನಲ್ಲೇ ಡಬ್ಬಿ ತುಂಬಾ ಅದರ ಚಕ್ರಗಳಿವೆ. ಕ್ಯಾಲಿಬರ್ 100ರ ಚಕ್ರ ನನ್ನಲ್ಲಿಲ್ಲ. ನಾನು ಕೇಳಿನೋಡಿದ ಅಂಗಡಿಗಳಲ್ಲೂ ಇಲ್ಲ. ಮಾಡಿದವರೇ ಕೊಡಬೇಕು. ಸ್ವಂತ ಮಷೀನ್ ಎಂದು ಹೆಮ್ಮೆಪಡುವವರು ಈ ಮಾತನ್ನೂ ಜೊತೆಗೆ ಒಪ್ಪಿಕೊಳ್ಳಬೇಕು.

ಎಷ್ಟು ವರ್ಷಕ್ಕೊಮ್ಮೆ ಸರ್ವಿಸ್? ಬಿಚ್ಚಿ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಬೆವರು, ದೂಳು, ಯಾರ ಕೈಯಲ್ಲಿದೆ ಎನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ನನ್ನ ಅನುಭವದಲ್ಲಿ 5ರಿಂದ 7 ವರ್ಷ. ನಡುವೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಈ ಮಷೀನ್ ಪೂರ್ತಿ ಕೀ ಕೊಟ್ಟರೆ 55 ಗಂಟೆ ಓಡಬೇಕು. ಶುಕ್ರವಾರ ರಾತ್ರಿ 9ಕ್ಕೆ ಕೀ ತುಂಬಿ ಮೇಜಿನ ಮೇಲಿಡಿ. ಸೋಮವಾರ ನಸುಕಿನ 4ರವರೆಗೆ ಬರಬೇಕು. ಭಾನುವಾರ ಬೆಳಿಗ್ಗೆಯೇ ನಿಂತಿದ್ದರೆ, ಟೈಮ್ ಎಷ್ಟೇ ಸರಿಯಿರಲಿ, ಬಿಚ್ಚಬಲ್ಲವರಿಗೆ ತೋರಿಸಿ. ಇನ್ನು ಕೇಸಿಗೆ ಪಾಲಿಶ್ ಮಾತ್ರ ಬೇಡ. ಆ ಮಂಕು ಮೈ ಬಿಸಿಲು ಕಣ್ಣಿಗೆ ಹೊಡೆಯದಿರಲಿ ಅಂತ ಮಾಡಿದ್ದು.

ಅವರ ವಾಚ್ ಜರ್ಮನಿಗೆ ಹೋಯಿತು. ವಾಪಸ್ ಬರಲು ಹಲವು ತಿಂಗಳು ಹಿಡಿಯಿತು. ಬಂದ ದಿನ ಅವರೇ ತಂದು ತೋರಿಸಿದರು. 288 ಡಿಗ್ರಿ. ಇಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದೆವು. ಮೂಲೆಯಲ್ಲಿ ರೇಡಿಯೋ ಹಾಡುತ್ತಿತ್ತು. ವಾರ್ತೆಗೆ ಮುಂಚಿನ ಬೀಪ್ ಶುರುವಾದಾಗ ಅವರು ಲೋಟ ಕೆಳಗಿಟ್ಟು ಗುಂಡಿಯ ಮೇಲೆ ಬೆರಳಿಟ್ಟರು. ಕೊನೆಯ ಬೀಪಿಗೆ ಒತ್ತಿದರು. ಮುಳ್ಳು ಸೊನ್ನೆಗೆ ಬಂತು. ಬೆರಳು ತೆಗೆದ ಕೂಡಲೇ ಹೊರಟಿತು.