ಇಬ್ಬರ ಪಾಸ್‌ಪೋರ್ಟ್ ಬೇರೆ, ಮನೆ ಮೂರನೇ ದೇಶದಲ್ಲಿ: ಸಂಗಾತಿ ವೀಸಾದ ಲೆಕ್ಕಾಚಾರ

ಒಬ್ಬರು ಬ್ರಿಟಿಷ್ ಪ್ರಜೆ, ಇನ್ನೊಬ್ಬರು ಬ್ರೆಜಿಲಿನವರು, ಇಬ್ಬರೂ ದುಡಿಯುತ್ತಿರುವುದು ದುಬೈಯಲ್ಲಿ. ಇಂಥ ಜೋಡಿಗಳು ಮೊದಲು ಕೇಳುವುದು ‘ಯಾವ ವೀಸಾಕ್ಕೆ ಅರ್ಜಿ ಹಾಕಬೇಕು?’ ಎಂದು. ಅದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದದ್ದು ಇನ್ನೊಂದಿದೆ: ಸ್ಪಾನ್ಸರ್ ಮಾಡುವವರು, ಅಂದರೆ ಸಂಗಾತಿಯನ್ನು ತಮ್ಮ ದೇಶಕ್ಕೆ ಕರೆಸಿಕೊಳ್ಳಲು ಹೊಣೆ ಹೊರುವವರು, ಸ್ವಂತ ದೇಶದಲ್ಲಿಲ್ಲ ಎಂಬುದನ್ನು ಆ ದೇಶದ ಕಾನೂನು ಹೇಗೆ ನೋಡುತ್ತದೆ? ಸಂಬಂಧ ಅಸಲಿ, ಮದುವೆ ಸಕ್ರಮ, ಕೈಯಲ್ಲಿ ದುಡ್ಡೂ ಇದೆ. ಆದರೂ ಅರ್ಜಿ ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ.

ಬ್ರಿಟನ್ನನ್ನೇ ನೋಡಿ. 2024ರ ಏಪ್ರಿಲ್ 11ರಿಂದ ಹೊಸದಾಗಿ ಸಂಗಾತಿ ವೀಸಾ ಕೇಳುವವರಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ಅದಕ್ಕೆ ಮೊದಲು 18,600 ಸಾಕಿತ್ತು. ಹೊರದೇಶದಿಂದ ಅರ್ಜಿ ಹಾಕುವಾಗ ಬ್ರಿಟಿಷ್ ಸಂಗಾತಿಯ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬ್ರೆಜಿಲಿನವರು ದುಬೈಯಲ್ಲಿ ಅದರ ಎರಡರಷ್ಟು ಸಂಬಳ ಪಡೆಯುತ್ತಿದ್ದರೂ ಅದು ಇಲ್ಲದ್ದಕ್ಕೆ ಸಮ. ಬ್ರಿಟಿಷ್ ಸಂಗಾತಿಯೂ ದುಬೈ ಸಂಬಳದ ಚೀಟಿ ತೋರಿಸಿದರಷ್ಟೇ ಸಾಲದು. ಒಂದೇ ಕೆಲಸದಲ್ಲಿ ಆರು ತಿಂಗಳು ಆ ಮಟ್ಟದ ಸಂಬಳ ಬಂದಿರಬೇಕು, ಇಲ್ಲವೇ ಹಿಂದಿನ 12 ತಿಂಗಳಲ್ಲಿ ಅಷ್ಟು ಗಳಿಸಿರಬೇಕು. ಅದರ ಜೊತೆಗೆ, ಬ್ರಿಟನ್ನಿಗೆ ಮರಳಿದ ಮೂರು ತಿಂಗಳೊಳಗೆ ಶುರುವಾಗುವ, ಅಷ್ಟೇ ಸಂಬಳದ ಕೆಲಸದ ಖಚಿತ ಪತ್ರವೂ ಇರಬೇಕು. ಎಷ್ಟೋ ಜನ ಎಡವುವುದು ಈ ಕೊನೆಯ ಕಾಗದದಲ್ಲಿ.

ಕೆಲಸದ ಪತ್ರ ಸಿಗದವರಿಗೆ ಉಳಿತಾಯದ ದಾರಿಯಿದೆ. ಆದಾಯದಲ್ಲಿ ಎಷ್ಟು ಕೊರತೆಯೋ ಅದನ್ನು ಎರಡೂವರೆಯಿಂದ ಗುಣಿಸಿ 16,000 ಸೇರಿಸಬೇಕು. ಆದಾಯವೇ ಇಲ್ಲ ಅಂದರೆ 88,500 ಪೌಂಡ್. ಈ ಹಣ ಇಬ್ಬರಲ್ಲಿ ಯಾರ ಹೆಸರಿನಲ್ಲಿದ್ದರೂ ಸರಿ, ಹಾಗಾಗಿ ಬ್ರೆಜಿಲಿನವರ ಗಳಿಕೆ ಸಂಬಳವಾಗಿ ಬೇಡದಿದ್ದರೂ ಉಳಿತಾಯವಾಗಿ ನಡೆಯುತ್ತದೆ! ಆರು ತಿಂಗಳ ಉದ್ದಕ್ಕೂ ಮೊತ್ತ ಆ ಗೆರೆಗಿಂತ ಕೆಳಗಿಳಿಯಬಾರದು. ಐದನೇ ತಿಂಗಳಲ್ಲಿ ಕಾರಿಗೆಂದು ತೆಗೆದು ಮರುವಾರ ಮತ್ತೆ ತುಂಬಿದರೂ ಎಣಿಕೆ ಮೊದಲಿನಿಂದ ಶುರು.

ಅಮೆರಿಕದ ತೊಡಕು ಬೇರೆ ಬಗೆಯದು. ಐ-864 ಎಂಬ ಆರ್ಥಿಕ ಹೊಣೆಯ ಪತ್ರಕ್ಕೆ ಸಹಿ ಹಾಕುವವರ ಕಾಯಂ ವಾಸ ಅಮೆರಿಕದಲ್ಲಿರಬೇಕು. ಹೊರಗಿರುವವರು ಸಂಗಾತಿ ಅಮೆರಿಕ ಪ್ರವೇಶಿಸುವ ಹೊತ್ತಿಗೆ ತಾವೂ ಅಲ್ಲಿ ನೆಲೆಸುತ್ತೇವೆ ಎಂಬುದಕ್ಕೆ ಆಧಾರ ಕೊಡಬೇಕು: ಕೆಲಸ ಹುಡುಕಿದ್ದು, ಮನೆ ಗೊತ್ತುಮಾಡಿದ್ದು, ಮಕ್ಕಳಿಗೆ ಶಾಲೆ ವಿಚಾರಿಸಿದ್ದು, ಅಲ್ಲಿನ ಬ್ಯಾಂಕ್ ಖಾತೆ. ಆದಾಯ ಕಡಿಮೆ ಬಿದ್ದರೆ ಬಂಧುವೋ ಗೆಳೆಯರೋ ಜಂಟಿ ಸ್ಪಾನ್ಸರ್ ಆಗಬಹುದು. ಆದರೆ ವಾಸದ ಕೊರತೆಯನ್ನು ಅವರಿಂದ ತುಂಬಿಸಲಾಗದು. ತೆರಿಗೆ ರಿಟರ್ನ್ ಇನ್ನೊಂದು ಬಲೆ. ಹೊರದೇಶದಲ್ಲಿ ದುಡಿಯುವ ಅಮೆರಿಕನ್ನರೂ ಆದಾಯ ಮಿತಿ ದಾಟಿದರೆ ತಮ್ಮ ದೇಶಕ್ಕೆ ರಿಟರ್ನ್ ಸಲ್ಲಿಸಲೇಬೇಕು. ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ವರ್ಷಗಟ್ಟಲೆ ಸುಮ್ಮನಿದ್ದವರಿಗೆ ಬಾಕಿ ರಿಟರ್ನ್‌ಗಳ ನೆನಪಾಗುವುದು ವೀಸಾ ಕಡತ ತೆರೆದಾಗ. ಅಂದಹಾಗೆ, ವಿಚ್ಛೇದನವಾದರೂ ಐ-864ರ ಹೊಣೆ ಮುಗಿಯುವುದಿಲ್ಲ. ಸಹಿಗೆ ಮುಂಚೆ ಅದನ್ನು ಪೂರ್ತಿ ಓದುವವರು ಕಡಿಮೆ.

ಕೆನಡಾದಲ್ಲಿ ಪೌರತ್ವಕ್ಕೂ ಪಿಆರ್‌ಗೂ (ಕಾಯಂ ವಾಸದ ಪರವಾನಗಿ) ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಹೊರಗೆ ನೆಲೆಸಿದ ಕೆನಡಾ ಪ್ರಜೆ, ಸಂಗಾತಿಗೆ ಪಿಆರ್ ಬಂದ ಮೇಲೆ ಅಲ್ಲಿಯೇ ಬಾಳುವ ಯೋಜನೆ ತೋರಿಸಿ ಸ್ಪಾನ್ಸರ್ ಮಾಡಬಹುದು. ಪಿಆರ್ ಹೊಂದಿದವರು ಹೊರಗಿದ್ದುಕೊಂಡು ಸ್ಪಾನ್ಸರ್ ಮಾಡುವಂತಿಲ್ಲ. ಸಂಗಾತಿಗೆ ಕನಿಷ್ಠ ಆದಾಯದ ಷರತ್ತು ಸಾಮಾನ್ಯವಾಗಿ ಇಲ್ಲ, ಆದರೆ ಮೂರು ವರ್ಷ ಸಾಕುವ ಹೊಣೆಯ ಮುಚ್ಚಳಿಕೆ ಬರೆದುಕೊಡಬೇಕು.

ಮೂರನೇ ದೇಶದಲ್ಲಿರುವುದೇ ಲಾಭವಾಗುವ ಜಾಗ ಒಂದಿದೆ: ಐರೋಪ್ಯ ಒಕ್ಕೂಟ. ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಒಕ್ಕೂಟದ 2004/38 ನಿರ್ದೇಶನದ ಪ್ರಕಾರ ಒಕ್ಕೂಟದ ಪ್ರಜೆ ತನ್ನದಲ್ಲದ ಸದಸ್ಯ ದೇಶದಲ್ಲಿ ನೆಲೆಸಿದ್ದರೆ, ಸಂಗಾತಿ ಯಾವ ದೇಶದವರಾದರೂ ಜೊತೆಗಿರಲು ಹಕ್ಕುಳ್ಳವರು. ಪ್ರವೇಶ ವೀಸಾಕ್ಕೆ ಶುಲ್ಕವಿಲ್ಲ, ವಾಸದ ಕಾರ್ಡನ್ನು ಅರ್ಜಿ ಕೊಟ್ಟ ಆರು ತಿಂಗಳೊಳಗೆ ಕೊಡಬೇಕು, ಕೆಲಸ ಮಾಡುವ ಹಕ್ಕೂ ಇದೆ. ಇದರ ವಿಚಿತ್ರ ಫಲ ಏನೆಂದರೆ, ಜರ್ಮನಿಯಲ್ಲಿರುವ ಫ್ರೆಂಚ್ ಪ್ರಜೆಯ ಬ್ರೆಜಿಲ್ ಸಂಗಾತಿಗೆ ಜರ್ಮನ್ ಭಾಷಾ ಪರೀಕ್ಷೆಯಿಲ್ಲ. ಅದೇ ಊರಿನ ಜರ್ಮನ್ ಪ್ರಜೆ ಅಂಥದೇ ಸಂಗಾತಿಯನ್ನು ಕರೆಸಿಕೊಳ್ಳುವಾಗ ಸಾಮಾನ್ಯವಾಗಿ ಜರ್ಮನ್ ಭಾಷೆಯ ಆರಂಭಿಕ ಹಂತವಾದ ಎ1 ಮಟ್ಟದ ಪ್ರಮಾಣಪತ್ರ ಬೇಕು. ಸ್ವಂತ ದೇಶದಲ್ಲಿರುವವರಿಗೆ ಆ ದೇಶದ ಕಾನೂನು, ಪಕ್ಕದ ದೇಶದಿಂದ ಬಂದವರಿಗೆ ಒಕ್ಕೂಟದ ಕಾನೂನು. ಇಬ್ಬರಿಗೂ 24 ವರ್ಷ ತುಂಬಬೇಕೆನ್ನುವ ಡೆನ್ಮಾರ್ಕಿನ ನಿಯಮದಿಂದ ಪಾರಾಗಲು ಎಷ್ಟೋ ಡೇನಿಷ್ ಜೋಡಿಗಳು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊದಲ್ಲಿ ಮನೆ ಮಾಡಿದ್ದು ಇದೇ ಕಾರಣಕ್ಕೆ.

ಹಾಗೆ ನೆಲೆಸಿ ಮತ್ತೆ ಸ್ವದೇಶಕ್ಕೆ ಮರಳಿದರೂ ಒಕ್ಕೂಟದ ಹಕ್ಕು ಜೊತೆಗೆ ಬರುತ್ತದೆ. ಒಕ್ಕೂಟದ ನ್ಯಾಯಾಲಯ 1992ರಲ್ಲಿ ಕೊಟ್ಟ ಸುರಿಂದರ್ ಸಿಂಗ್ ತೀರ್ಪು ಇದಕ್ಕೆ ಆಧಾರ. ಆದರೆ 2014ರ ಇನ್ನೊಂದು ತೀರ್ಪು ಅಲ್ಲಿನ ವಾಸ ಮೂರು ತಿಂಗಳು ಮೀರಿದ, ನಿಜವಾದ ವಾಸವಾಗಿರಬೇಕು, ಕುಟುಂಬ ಜೀವನ ಅಲ್ಲಿಯೇ ರೂಪುಗೊಂಡಿರಬೇಕು ಅಥವಾ ಗಟ್ಟಿಯಾಗಿರಬೇಕು ಎಂದಿತು. ವಾರಾಂತ್ಯಗಳಲ್ಲಿ ಹೋಗಿಬಂದದ್ದನ್ನು ಕೂಡಿಸಿದರೆ ನಡೆಯದು. ಮದುವೆಯಾಗದ ಜೋಡಿಗಳಿಗೆ ಈ ನಿರ್ದೇಶನ ಕೊಡುವುದು ಪೂರ್ಣ ಹಕ್ಕಲ್ಲ. ದಾಖಲೆಯಿಂದ ಸಾಬೀತಾದ ದೀರ್ಘ ಸಂಬಂಧವಿದ್ದರೆ ಪ್ರವೇಶ ಸುಗಮಗೊಳಿಸಬೇಕು ಎನ್ನುತ್ತದೆ, ಅಷ್ಟೆ. ಎಷ್ಟು ಸುಗಮ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಮದುವೆಯಾಗದವರ ವಿಷಯದಲ್ಲಿ ಅಮೆರಿಕದ ಬಾಗಿಲು ಬಹುತೇಕ ಮುಚ್ಚಿದೆ. ಅಲ್ಲಿ ಕೆ-1 ಎಂಬ ವೀಸಾ ಇದೆ, ಆದರೆ ಅದು ಮದುವೆಯಾಗಲು ಹೊರಟವರಿಗೆ: ಅರ್ಜಿಯ ಹಿಂದಿನ ಎರಡು ವರ್ಷದಲ್ಲಿ ಮುಖತಃ ಭೇಟಿಯಾಗಿರಬೇಕು, ಬಂದ 90 ದಿನಗಳೊಳಗೆ ಮದುವೆ ನಡೆಯಬೇಕು. ಕೆನಡಾ 12 ತಿಂಗಳು ಸತತವಾಗಿ ಒಂದೇ ಸೂರಿನಡಿ ಬಾಳಿದ್ದನ್ನು ಕೇಳುತ್ತದೆ. ಆಸ್ಟ್ರೇಲಿಯಾದ 309 (ಹೊರಗಿಂದ) ಮತ್ತು 820 (ಒಳಗಿಂದ) ಸಂಗಾತಿ ವೀಸಾಗಳಿಗೂ 12 ತಿಂಗಳ ಡಿ ಫ್ಯಾಕ್ಟೊ ಸಂಬಂಧ, ಅಂದರೆ ಮದುವೆಯಾಗದೆ ದಂಪತಿಯಂತೆ ಬಾಳಿದ ಸಂಬಂಧ, ಬೇಕು. ಸಂಬಂಧ ನೋಂದಾಯಿಸುವ ಸೌಲಭ್ಯವಿರುವ ರಾಜ್ಯದಲ್ಲಿ ನೋಂದಾಯಿಸಿಕೊಂಡರೆ ಆ ಅವಧಿಯ ಷರತ್ತು ಬಿಟ್ಟುಹೋಗುತ್ತದೆ. ಬ್ರಿಟನ್ ಎರಡು ವರ್ಷ ಎನ್ನುತ್ತದೆ, ಆದರೆ 2024ರ ಜನವರಿಯಿಂದ ಒಂದೇ ಮನೆಯಲ್ಲಿದ್ದಿರಬೇಕೆಂಬ ಕಡ್ಡಾಯವಿಲ್ಲ.

ಎಲ್ಲಿ ಅರ್ಜಿ ಹಾಕಿದರೂ ಅಧಿಕಾರಿ ಹುಡುಕುವುದು ಫೋಟೊಗಳನ್ನಲ್ಲ. ನಾಲ್ಕುನೂರು ಸೆಲ್ಫಿಗಿಂತ ಇಬ್ಬರ ಹೆಸರೂ ಇರುವ ಒಂದು ಬಾಡಿಗೆ ಕರಾರಿಗೆ ಬೆಲೆ ಹೆಚ್ಚು. ಆಸ್ಟ್ರೇಲಿಯಾ ಇದನ್ನು ಹಣಕಾಸು, ಮನೆವಾರ್ತೆ, ಸಾಮಾಜಿಕ ಗುರುತು, ಪರಸ್ಪರ ಬದ್ಧತೆ ಎಂದು ನಾಲ್ಕು ಭಾಗವಾಗಿ ತೂಗುತ್ತದೆ. ಬೇರೆ ದೇಶಕ್ಕೆ ಅರ್ಜಿ ಹಾಕುವವರೂ ಕಡತವನ್ನು ಇದೇ ಚೌಕಟ್ಟಿನಲ್ಲಿ ಜೋಡಿಸಿಕೊಂಡರೆ ತಪ್ಪಿಲ್ಲ. ಕಂಪನಿ ಕೊಟ್ಟ ಮನೆಯಲ್ಲಿರುವವರಿಗೆ ಒಬ್ಬರ ಹೆಸರಿನಲ್ಲೇ ಎಲ್ಲ ಕಾಗದ ಇರುವುದು ಸಾಮಾನ್ಯ. ಇನ್ನೊಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್ ಬಿಲ್, ಆರೋಗ್ಯ ವಿಮೆಯ ಪತ್ರ ಅದೇ ವಿಳಾಸಕ್ಕೆ ಬರುವಂತೆ ಇವತ್ತೇ ಬದಲಿಸಿ. ಹಿಂದಿನ ತಾರೀಖಿನ ದಾಖಲೆಯನ್ನು ಮುಂದೆ ಹುಟ್ಟಿಸಲಾಗದು.

ಹಳೆಯ ಅರ್ಜಿಗಳನ್ನೂ ತೆಗೆದು ನೋಡಿ. ಮೂರು ವರ್ಷದ ಹಿಂದೆ ಪ್ರವಾಸಿ ವೀಸಾಕ್ಕೆ ‘ಒಂಟಿ’ ಎಂದು ಬರೆದು, ಈಗ ‘ಐದು ವರ್ಷದಿಂದ ಒಟ್ಟಿಗಿದ್ದೇವೆ’ ಎಂದರೆ ಎರಡೂ ಒಂದೇ ಪರದೆಯ ಮೇಲೆ ಕಾಣುತ್ತವೆ. ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಕೆನಡಾದಲ್ಲಿ ಐದು ವರ್ಷದ ನಿಷೇಧ, ಬ್ರಿಟನ್ನಿನಲ್ಲಿ ಹತ್ತು ವರ್ಷದವರೆಗೂ ತೊಡಕು. ವ್ಯತ್ಯಾಸವಿದ್ದರೆ ಅವರು ಕೇಳುವ ಮೊದಲೇ ಪತ್ರದಲ್ಲಿ ವಿವರಿಸುವುದು ಒಳ್ಳೆಯದು. ಕೆನಡಾಕ್ಕೆ ಪಿಆರ್ ಪಡೆಯುವಾಗ ಆಗಲೇ ಇದ್ದ ಸಂಗಾತಿಯನ್ನು ತೋರಿಸದೆ ಬಿಟ್ಟವರು, ನಂತರ ಅವರನ್ನು ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳಬಹುದು.

ಅರ್ಜಿ ಒಳಗಿಂದಲೋ ಹೊರಗಿಂದಲೋ ಎಂಬ ಆಯ್ಕೆಯೂ ಹಗುರವಲ್ಲ. ಆಸ್ಟ್ರೇಲಿಯಾದ ಒಳಗೆ ಅರ್ಜಿ ಹಾಕಿದವರಿಗೆ ತೀರ್ಮಾನವಾಗುವವರೆಗೆ ಅಲ್ಲಿರಲು ಸಿಗುವ ಬ್ರಿಡ್ಜಿಂಗ್ ವೀಸಾ ಎ ಹಿಡಿದು ದೇಶ ಬಿಟ್ಟರೆ ಅದು ಮುಗಿದಂತೆ; ಹೋಗಿಬರಲು ಬ್ರಿಡ್ಜಿಂಗ್ ವೀಸಾ ಬಿ ಮೊದಲೇ ಪಡೆಯಬೇಕು. ಪ್ರವಾಸಿ ವೀಸಾದ ಮೇಲೆ ‘ಇಲ್ಲಿದ್ದುಕೊಂಡು ಬೇರೆ ವೀಸಾ ಕೇಳುವಂತಿಲ್ಲ’ ಎನ್ನುವ 8503 ಷರತ್ತು ಇದ್ದರೆ ಒಳಗಿಂದ ಅರ್ಜಿಯೇ ಸಾಧ್ಯವಿಲ್ಲ, ಆ ಷರತ್ತು ಮನ್ನಾ ಆಗದ ಹೊರತು. ಕೆನಡಾದಲ್ಲಿ ಹೊರಗಿನ ವರ್ಗದ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಯ ಹಕ್ಕಿದೆ, ಒಳಗಿನ ವರ್ಗಕ್ಕೆ ಇಲ್ಲ.

ಪೊಲೀಸ್ ಪ್ರಮಾಣಪತ್ರ ಊರೂರು ಸುತ್ತಿದವರನ್ನು ಹೆಚ್ಚು ಸತಾಯಿಸುತ್ತದೆ. ಕಳೆದ 10 ವರ್ಷಗಳಲ್ಲಿ ಸತತ ಆರು ತಿಂಗಳು ಇದ್ದ ಪ್ರತಿ ದೇಶದ್ದನ್ನು ಕೆನಡಾ ಕೇಳುತ್ತದೆ. ಆಸ್ಟ್ರೇಲಿಯಾ ಅದೇ ಅವಧಿಯಲ್ಲಿ ಒಟ್ಟು 12 ತಿಂಗಳು ಇದ್ದ ದೇಶದ್ದನ್ನು. ಬೆರಳಚ್ಚು ಕೇಳುವ ದೇಶವಾದರೆ ಅಲ್ಲಿಂದ ಹೊರಡುವ ಮುನ್ನವೇ ಮಾಡಿಸಿಕೊಳ್ಳಿ. ಮದುವೆ ಪತ್ರಕ್ಕೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ದಾಖಲೆ ನಡೆಯುವಂತೆ ಮಾಡುವ ದೃಢೀಕರಣ ಮುದ್ರೆ) ಹಾಕಿಸುವುದಿದ್ದರೆ, ಪತ್ರ ಕೊಟ್ಟ ದೇಶವೂ ಅದನ್ನು ಬಳಸುವ ದೇಶವೂ 1961ರ ಹೇಗ್ ಒಪ್ಪಂದದಲ್ಲಿವೆಯೇ ನೋಡಿ. ಚೀನಾದಲ್ಲಿ 2023ರ ನವೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ಒಂದು ದೇಶ ಒಪ್ಪಂದದ ಹೊರಗಿದ್ದರೂ ವಿದೇಶಾಂಗ ಕಚೇರಿ, ರಾಯಭಾರ ಕಚೇರಿ ಎಂದು ಎರಡು ಮೂರು ಮೊಹರುಗಳ ಸುತ್ತು. ಅದಕ್ಕೆ ವಾರಗಳೇ ಹಿಡಿಯುತ್ತವೆ.