ಹಳೆಯ ದೋಣಿ ಮೋಟಾರು ಎಣ್ಣೆ ಜಾಸ್ತಿ ಕುಡಿಯುತ್ತಿದೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮ ನಾಡದೋಣಿಗೆ 9.9 ಎಚ್‌ಪಿಯ ಹಳೆಯ ಔಟ್‌ಬೋರ್ಡ್ ಮೋಟಾರು ಇದೆ. ಎರಡು ಸಿಲಿಂಡರು, ಟೂ ಸ್ಟ್ರೋಕ್. ಮೊದಲು ಒಂದು ಕ್ಯಾನ್ ಪೆಟ್ರೋಲಿನಲ್ಲಿ ಹೋಗಿ ಬರುತ್ತಿದ್ದ ಜಾಗಕ್ಕೆ ಈಗ ಒಂದೂವರೆ ಕ್ಯಾನ್ ಬೇಕು. ಕಾರ್ಬುರೇಟರ್ ಬಿಚ್ಚಿ ತೊಳೆಸಿಯೂ ಆಯಿತು. ಇನ್ನು ಹೊಸ ಮೋಟಾರು ತರುವುದೊಂದೇ ದಾರಿಯೆ?

ಉತ್ತರ: ಹೊಸ ಮೋಟಾರಿನ ಮಾತು ಆಮೇಲೆ. ಕಾರ್ಬುರೇಟರನ್ನು ಮತ್ತೆ ಬಿಚ್ಚುವುದೂ ಸದ್ಯಕ್ಕೆ ಬೇಡ. ಮೊದಲು ಗೊತ್ತಾಗಬೇಕಾದದ್ದು ಒಂದೇ. ಮೋಟಾರು ಗಂಟೆಗೆ ಹೆಚ್ಚು ಕುಡಿಯುತ್ತಿದೆಯೋ, ಅಥವಾ ಗಂಟೆಗೆ ಮೊದಲಿನಷ್ಟೇ ಕುಡಿದು ದೋಣಿ ಕಡಿಮೆ ದೂರ ಓಡುತ್ತಿದೆಯೋ? ಮೊದಲನೆಯದಾದರೆ ದೋಷ ಮೋಟಾರಿನಲ್ಲಿ ಅಥವಾ ಪೈಪಿನಲ್ಲಿದೆ. ಎರಡನೆಯದಾದರೆ ದೋಣಿಯ ತಳ, ಪ್ರೊಪೆಲ್ಲರ್, ಭಾರ ಇವನ್ನು ನೋಡಬೇಕು. ಇದನ್ನು ಬೇರ್ಪಡಿಸಿಕೊಳ್ಳದೆ ಸ್ಪ್ಯಾನರ್ ಹಿಡಿದವರು ಸರಿಯಿದ್ದ ಭಾಗಗಳನ್ನೇ ಬದಲಿಸುತ್ತಾ ಹೋಗುತ್ತಾರೆ. ದುಡ್ಡು ಕರಗುತ್ತದೆ, ಕ್ಯಾನ್ ಮಾತ್ರ ಮೊದಲಿನಂತೆಯೇ ಖಾಲಿಯಾಗುತ್ತದೆ.

ಅಳೆಯುವುದು ಕಷ್ಟವಲ್ಲ. ಒಂದೊಂದು ಲೀಟರಿಗೂ ಗೆರೆ ಎಳೆದ ಸಣ್ಣ ಕ್ಯಾನ್ ಒಂದನ್ನು ಪೈಪಿಗೆ ಜೋಡಿಸಿ. ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು, ದಿನದ ಮಾಮೂಲಿ ಭಾರ ಹೇರಿಕೊಂಡು, ಅಳಿವೆಯ ಒಳಗೆ ಸಮ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿ. ಒಂದು ಲೀಟರ್ ಮುಗಿಯಲು ಎಷ್ಟು ನಿಮಿಷ ಹಿಡಿಯಿತು, ಅಷ್ಟರಲ್ಲಿ ಎಷ್ಟು ದೂರ ಹೋಯಿತು ಎಂದು ಮೊಬೈಲಿನ ಜಿಪಿಎಸ್ ನೋಡಿ ಬರೆದಿಡಿ. ಬಂದ ದಾರಿಯಲ್ಲೇ ತಿರುಗಿ ಇನ್ನೊಂದು ಲೀಟರ್ ಓಡಿಸಿ, ಎರಡರ ಸರಾಸರಿ ತೆಗೆಯಿರಿ. ಒಂದೇ ದಿಕ್ಕಿನ ಲೆಕ್ಕ ನಂಬಬೇಡಿ, ಭರತವೋ ಇಳಿತವೋ ಅದನ್ನು ಕೆಡಿಸಿರುತ್ತದೆ. ದಡದಲ್ಲಿ ಡ್ರಮ್ಮಿನ ನೀರಿನಲ್ಲಿ ಮೋಟಾರು ಓಡಿಸಿ ನೋಡುವುದೂ ಇಲ್ಲಿ ಉಪಯೋಗಕ್ಕೆ ಬಾರದು. ಅಲ್ಲಿ ಮೋಟಾರಿಗೆ ಕಡಲಿನ ಹೊರೆ ಬೀಳುವುದಿಲ್ಲ.

ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ಪೆಟ್ರೋಲ್ ಮೋಟಾರು ಪೂರ್ತಿ ಥ್ರಾಟಲಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.4ರಿಂದ 0.5 ಲೀಟರ್ ಸುಡುತ್ತದೆ. ನಿಮ್ಮ ಮೋಟಾರಿಗೆ ಅದು ಗಂಟೆಗೆ 4ರಿಂದ 5 ಲೀಟರ್, ಅಂದರೆ ಒಂದು ಲೀಟರಿಗೆ 12ರಿಂದ 15 ನಿಮಿಷ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡುವ ಮೋಟಾರು ಇದಕ್ಕಿಂತ ಇನ್ನಷ್ಟು ಕುಡಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಸುಟ್ಟ ಹೊಗೆಯನ್ನು ಹೊರದಬ್ಬುವುದೇ ಒಳಬರುವ ಹೊಸ ಪೆಟ್ರೋಲ್ ಮಿಶ್ರಣ. ಹಾಗಾಗಿ ಅದರಲ್ಲಿ ಕಾಲು ಭಾಗದವರೆಗೂ ಸುಡದೆ ಹೊಗೆಯ ಜೊತೆ ಹೊರಗೆ ಹೋಗಬಹುದು. ಅದು ಆ ಮೋಟಾರಿನ ಹುಟ್ಟುಗುಣ, ಯಾವ ಮೆಕ್ಯಾನಿಕ್ಕೂ ಸರಿಮಾಡಲಾರರು. ಹುಡುಕಬೇಕಾದದ್ದು ಅದರ ಮೇಲೆ ಹೊಸದಾಗಿ ಸೇರಿಕೊಂಡ ನಷ್ಟವನ್ನು.

ಲೀಟರಿಗೆ 12 ನಿಮಿಷಕ್ಕಿಂತ ಹೆಚ್ಚೇ ಬಂದು, ಹೋದ ದೂರ ಮಾತ್ರ ಕಡಿಮೆಯಾಗಿದ್ದರೆ ಮೋಟಾರಿನ ಮುಚ್ಚಳ ತೆಗೆಯದೆ ದೋಣಿಯನ್ನು ದಡಕ್ಕೆಳೆದು ತಳ ನೋಡಿ. ದಿನಾ ಮರಳಿನ ಮೇಲೆ ಎಳೆದಿಡುವ ದೋಣಿಗೆ ಈ ಕಾಟ ಕಡಿಮೆ. ಹೊಳೆಬಾಯಲ್ಲಿ ಲಂಗರು ಹಾಕಿಯೇ ಬಿಡುವ ದೋಣಿಯ ತಳಕ್ಕೆ ನಮ್ಮ ಬೆಚ್ಚನೆಯ ನೀರಿನಲ್ಲಿ ಕೆಲವೇ ವಾರಗಳಲ್ಲಿ ಪಾಚಿಯೂ ಗಟ್ಟಿ ಚಿಪ್ಪಿನ ಹುಳುಗಳೂ ಅಂಟಿಕೊಳ್ಳುತ್ತವೆ. ಚಿಪ್ಪು ತೆಳ್ಳಗೆ ಹರಡಿದ್ದರೂ ಸಾಕು, ವೇಗ ಬೀಳುತ್ತದೆ. ಹಳೆಯ ಫೈಬರ್ ದೋಣಿಯಾದರೆ ಇನ್ನೊಂದು ಅನುಮಾನವೂ ಇರಲಿ. ಎಲ್ಲೋ ಒಂದು ಸಣ್ಣ ಬಿರುಕಿನಿಂದ ಒಳಗಿನ ಥರ್ಮೋಕೋಲಿಗೆ ಅಥವಾ ಹಲಗೆಗೆ ನೀರಿಳಿದು ದೋಣಿ ಭಾರವಾಗಿರಬಹುದು. ಎಳೆಯಲು ಮೊದಲಿಗಿಂತ ಹೆಚ್ಚು ಜನ ಬೇಕಾಗುತ್ತಿದ್ದರೆ ಈ ಕಡೆ ಗಮನ ಕೊಡಿ.

ಆಮೇಲೆ ಪ್ರೊಪೆಲ್ಲರ್. ಮರಳು ದಿಬ್ಬಕ್ಕೆ ತಾಗಿ ತಾಗಿ ಎಲೆಗಳ ಅಂಚು ಸವೆದಿರುತ್ತದೆ, ಒಂದು ಎಲೆ ಸ್ವಲ್ಪ ಬಾಗಿರುತ್ತದೆ. ಬರಿಗಣ್ಣಿಗೆ ಅದು ದೊಡ್ಡದೆನಿಸದು, ನೀರಿಗೆ ಮಾತ್ರ ಅದು ಬೇರೆಯೇ ಪ್ರೊಪೆಲ್ಲರ್. ನಡುವಿನ ರಬ್ಬರ್ ಬುಶ್ ಜಾರುತ್ತಿದ್ದರೆ ಮೋಟಾರಿನ ಸದ್ದು ಏರುತ್ತದೆ, ದೋಣಿ ಏರುವುದಿಲ್ಲ. ಪ್ರೊಪೆಲ್ಲರಿನ ನಡುವಿನ ಗುಂಬದ, ಅಂದರೆ ಹಬ್‌ನ, ಒಳಭಾಗಕ್ಕೂ ಹೊರಭಾಗಕ್ಕೂ ಸೇರಿಸಿ ಪೆನ್ನಿನಿಂದ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ತುಂಡಾಗಿ ಸರಿದಿದ್ದರೆ ಬುಶ್ ಹೋಗಿದೆ. ಹಿಂದೆ ಎಂದಾದರೂ ಪ್ರೊಪೆಲ್ಲರ್ ಬದಲಿಸಿದ್ದರೆ ಅದರ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಹಳೆಯದಕ್ಕೆ ಹೊಂದುತ್ತದೆಯೇ ಎಂದೂ ನೋಡಿ. ಈ ವರ್ಗದ ಬಹುತೇಕ ಮೋಟಾರುಗಳು ಪೂರ್ತಿ ಥ್ರಾಟಲಿನಲ್ಲಿ ನಿಮಿಷಕ್ಕೆ 4500ರಿಂದ 5500 ಸುತ್ತು ತಿರುಗಬೇಕು. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರಿನಲ್ಲಿ ಇದನ್ನು ನೋಡಬಹುದು. 4000ಕ್ಕೇ ನಿಂತುಬಿಟ್ಟರೆ ಒಂದೋ ಪಿಚ್ ಹೆಚ್ಚಾಗಿದೆ, ಇಲ್ಲವೇ ಮೋಟಾರಿನ ಶಕ್ತಿ ಇಳಿದಿದೆ. ಹಾಗೆ ಉಸಿರುಗಟ್ಟಿ ಓಡುವ ಮೋಟಾರಿನಲ್ಲಿ ಲೀಟರಿಗೆ ನಿಮಿಷ ಜಾಸ್ತಿ ಬಂದರೂ ಸಂತೋಷಪಡಬೇಡಿ, ದೂರದ ಲೆಕ್ಕದಲ್ಲಿ ಸೋಲುತ್ತಿರುತ್ತೀರಿ.

ಮೋಟಾರು ಕೂರಿಸಿದ ಎತ್ತರವನ್ನು ಬಹಳ ಮಂದಿ ನೋಡುವುದೇ ಇಲ್ಲ. ಪ್ರೊಪೆಲ್ಲರಿನ ಮೇಲಿರುವ ಅಗಲದ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗಿರಬೇಕು. ಇನ್ನೂ ಕೆಳಗಿಳಿದರೆ ಮೋಟಾರಿನ ಕಾಲೇ ನೀರಿಗೆ ಅಡ್ಡವಾಗುತ್ತದೆ. ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ.

ಈಗ ಇನ್ನೊಂದು ದಿಕ್ಕು. ಲೀಟರ್ ಎಂಟೊಂಬತ್ತು ನಿಮಿಷಕ್ಕೇ ಮುಗಿಯಿತು ಎನ್ನೋಣ. ಆಗ ಮೊದಲು ನೋಡಬೇಕಾದದ್ದು ಸೋರಿಕೆ. ಮೋಟಾರು ನಿಂತಿರುವಾಗ ಪೈಪಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಅದುಮಿ. ನಾಲ್ಕೈದು ನಿಮಿಷದೊಳಗೆ ಅದು ಮೆತ್ತಗಾದರೆ ಎಣ್ಣೆ ಎಲ್ಲಿಗೋ ಇಳಿಯುತ್ತಿದೆ. ಕನೆಕ್ಟರಿನ ರಬ್ಬರ್ ರಿಂಗ್, ಸೀಳಿದ ಪೈಪು, ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಇವನ್ನು ಒಂದೊಂದಾಗಿ ನೋಡಿ. ಮೋಟಾರಿನ ಸುತ್ತ ನೀರಿನ ಮೇಲೆ ಬಣ್ಣದ ಪೊರೆ ತೇಲುತ್ತಿದ್ದರೆ ಅದೂ ಒಂದು ಸುಳಿವು. ಈ ಪರೀಕ್ಷೆ ಮಾಡುವಾಗ ಬೀಡಿ, ಲೈಟರ್ ಹತ್ತಿರ ಸುಳಿಯಕೂಡದು.

ಹೊರಗೆಲ್ಲೂ ಸೋರದಿದ್ದರೆ ಒಳಗೆ ಸೋರುತ್ತಿರಬಹುದು. ನಾನು ಹೆಚ್ಚು ಅನುಮಾನಪಡುವ ಜಾಗ ಫ್ಯೂಯಲ್ ಪಂಪಿನ ಡಯಾಫ್ರಾಮ್. ಈ ತೆಳು ಹಾಳೆ ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ನಿನ ಕೆಳಗಿನ ಕೋಣೆಯ, ಒತ್ತಡದಿಂದಲೇ ಮಿಡಿಯುತ್ತದೆ. ಹರಿದರೆ ಪೆಟ್ರೋಲು ಕಾರ್ಬುರೇಟರನ್ನು ದಾಟಿ, ಒತ್ತಡ ಬರುವ ತೂತಿನಿಂದಲೇ ನೇರ ಆ ಸಿಲಿಂಡರಿಗೆ ನುಗ್ಗುತ್ತದೆ. ಕಾರ್ಬುರೇಟರ್ ಎಷ್ಟು ತೊಳೆದರೂ ಫಲವಿಲ್ಲ. ಸಾಕ್ಷಿ ಸಿಗುವುದು ಪ್ಲಗ್ಗಿನಲ್ಲಿ. ಪೂರ್ತಿ ಥ್ರಾಟಲಿನಲ್ಲಿ ಕೆಲವು ನಿಮಿಷ ಓಡಿಸಿ, ಐಡಲಿಗೆ ತರದೆ ಸ್ಟಾಪ್ ಬಟನ್ ಒತ್ತಿ ನಿಲ್ಲಿಸಿ, ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕದಲ್ಲಿ ಇಡಿ. ಎರಡೂ ಕಾಫಿಬಣ್ಣಕ್ಕಿದ್ದರೆ ಸುಡುವುದು ಸರಿಯಾಗಿದೆ. ಎರಡೂ ಕಪ್ಪು, ಒದ್ದೆ ಎಂದಾದರೆ ಎರಡಕ್ಕೂ ಪೆಟ್ರೋಲು ಹೆಚ್ಚು ಬರುತ್ತಿದೆ. ಚೋಕ್ ಪೂರ್ತಿ ತೆರೆಯುತ್ತಿಲ್ಲವೋ, ಫ್ಲೋಟ್ ಮಟ್ಟ ಮೇಲಿದೆಯೋ, ಹಿಂದೆ ಯಾರೋ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟಿಗೆ ತಂತಿ ಚುಚ್ಚಿ ತೂತು ಅಗಲ ಮಾಡಿದ್ದಾರೋ ನೋಡಿ. ಜೆಟ್ ಮೆತ್ತನೆಯ ಹಿತ್ತಾಳೆಯದು, ಅದನ್ನು ಗಾಳಿಯಿಂದ ಊದಿಯೇ ಸ್ವಚ್ಛ ಮಾಡಬೇಕು. ಒಂದು ಕಾಫಿಬಣ್ಣ, ಇನ್ನೊಂದು ಒದ್ದೆ ಕಪ್ಪು ಎಂದಾದರೆ ಡಯಾಫ್ರಾಮ್ ಹರಿದಿರಬೇಕು, ಅಥವಾ ಆ ಸಿಲಿಂಡರಿಗೆ ಕಿಡಿ ಸರಿಯಾಗಿ ಬರುತ್ತಿಲ್ಲ. ಅರ್ಧ ಸತ್ತ ಸಿಲಿಂಡರು ತನ್ನ ಪಾಲಿನ ಪೆಟ್ರೋಲನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕಿಡಿ ನೋಡಲು ಓಡುವ ಮೋಟಾರಿನ ಪ್ಲಗ್ ವೈರನ್ನು ಕೈಯಲ್ಲಿ ಎಳೆಯಬೇಡಿ, ಶಾಕ್ ಹೊಡೆಯುತ್ತದೆ, ಕಿಡಿ ಹುಟ್ಟಿಸುವ ಸಿಡಿಐ ಪೆಟ್ಟಿಗೆ ಕೂಡ ಸುಟ್ಟುಹೋಗಬಹುದು. ಸ್ಪಾರ್ಕ್ ಟೆಸ್ಟರ್ ಬಳಸಿ.

ಇದರ ಜೊತೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಒಮ್ಮೆ ನೋಡಿಸಿ. ಎರಡು ಸಿಲಿಂಡರುಗಳ ನಡುವೆ ನೂರಕ್ಕೆ 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಥವಾ ಮಸಿ ಕಟ್ಟಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು.

ಮೋಟಾರನ್ನು ತಣಿಸುವ ನೀರನ್ನು ಬಿಸಿಗೆ ತಕ್ಕಂತೆ ಬಿಡುವ ಥರ್ಮೋಸ್ಟಾಟ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಉಪ್ಪು ಕಟ್ಟಿ ಬಿಸಿಯಾಗುತ್ತದೆಂದು ಅದನ್ನು ತೆಗೆದು ಎಸೆಯುವ ರೂಢಿ ಇದೆ. ಬಿಸಿಯಾಗುವುದು ನಿಲ್ಲುತ್ತದೆ, ನಿಜ. ಆದರೆ ಮೋಟಾರು ತಣ್ಣಗೇ ಓಡಿ, ಎಣ್ಣೆ ಸರಿಯಾಗಿ ಆವಿಯಾಗದೆ ಹನಿಹನಿಯಾಗಿ ವ್ಯರ್ಥವಾಗುತ್ತದೆ. ಸೀಮೆಎಣ್ಣೆಯ ಮೋಟಾರಿನಲ್ಲಂತೂ ನಷ್ಟ ಇನ್ನೂ ಹೆಚ್ಚು, ಅದು ಪೆಟ್ರೋಲಿಗಿಂತ ಹೆಚ್ಚು ಬಿಸಿ ಬೇಡುವ ಎಣ್ಣೆ. ಮೋಟಾರು ಬಿಸಿಯಾಗುವ ಮುಂಚೆಯೇ ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸುವವರೂ ಇದೇ ನಷ್ಟ ಅನುಭವಿಸುತ್ತಾರೆ. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಪರೀಕ್ಷಿಸಿ, ತಣ್ಣಗಿದ್ದಾಗ ಮುಚ್ಚಿ, ಬಿಸಿಯಾದಾಗ ತೆರೆಯಬೇಕು. ಉಪ್ಪು ಕಟ್ಟದಿರಲು ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಮೋಟಾರು ಓಡಿಸಿ ತೊಳೆಯುವುದೇ ಮದ್ದು.

ಒಂದಿಷ್ಟು ಪಾಲು ಪೆಟ್ರೋಲಿನದ್ದೂ ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ಈಗ ಬಂಕ್‌ಗಳಲ್ಲಿ ಮಾಮೂಲಿ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಲೀಟರಿಗೆ ನೂರಕ್ಕೆ 6–7ರಷ್ಟು ಶಕ್ತಿ ನಷ್ಟ ಮೋಟಾರಿನಲ್ಲಿ ದೋಷವಿಲ್ಲದಿದ್ದರೂ ಆಗುತ್ತದೆ. ಒಂದು ಕ್ಯಾನ್ ಒಂದೂವರೆಯಾದದ್ದಕ್ಕೆ ಇದೊಂದೇ ಕಾರಣವಾಗಲಾರದು. ಆದರೆ ಎಥನಾಲು ಹಳೆಯ ರಬ್ಬರನ್ನು, ಅದರಲ್ಲೂ ಮೇಲೆ ಹೇಳಿದ ಡಯಾಫ್ರಾಮನ್ನು, ಗಟ್ಟಿ ಮಾಡಿ ಒಡೆಯುತ್ತದೆ. ನೀರನ್ನೂ ಹೀರುತ್ತದೆ. ಕಡಲಿನ ತೇವದಲ್ಲಿ ಅರ್ಧ ತುಂಬಿದ ಕ್ಯಾನ್ ವಾರಗಟ್ಟಲೆ ಬಿದ್ದಿದ್ದರೆ ಎಥನಾಲೂ ನೀರೂ ಬೇರೆಯಾಗಿ ತಳಕ್ಕಿಳಿಯಬಹುದು. ಆ ತಳದ ಪದರದಲ್ಲಿ ಟೂ ಸ್ಟ್ರೋಕ್ ಆಯಿಲ್ ಹೆಚ್ಚೂಕಡಿಮೆ ಇರುವುದೇ ಇಲ್ಲ, ಪೈಪು ಎಳೆಯುವುದೂ ತಳದಿಂದಲೇ. ಬೇಕಾದಷ್ಟೇ ಪೆಟ್ರೋಲ್ ತನ್ನಿ, ಬೇಗ ಖಾಲಿ ಮಾಡಿ.

ಖರ್ಚು ಉಳಿಯಲಿ ಎಂದು ಪೆಟ್ರೋಲಿಗೆ ಬೆರೆಸುವ ಆಯಿಲ್ ಕಡಿಮೆ ಹಾಕುವುದು, ಸಣ್ಣ ಜೆಟ್ ಕೂರಿಸುವುದು ಎರಡೂ ಬೇಡ. ಕಂಪನಿ 50:1, ಅಂದರೆ 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಎಂದು ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್ ಹಾಕಲೇಬೇಕು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಜಿಡ್ಡು ಪೆಟ್ರೋಲಿನ ಜೊತೆ ಬಂದಷ್ಟೇ. ಅದು ಕಡಿಮೆಯಾದರೆ ಮೋಟಾರು ಕಡಲ ನಡುವೆ ಹಿಡಿದು ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್–ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗಳಿಗಷ್ಟೇ ಕಡಲಿಗಿಳಿಯುವ ಅವಕಾಶ. ಆ ತೂಫಾನಿನ ದಿನಗಳಲ್ಲಿ ಮೋಟಾರು ಕೈಕೊಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಜವಾದ ಉಳಿತಾಯ ಥ್ರಾಟಲಿನಲ್ಲಿದೆ. ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. ಸುತ್ತನ್ನು ನೂರಕ್ಕೆ 10ರಷ್ಟು ಇಳಿಸಿದರೆ ಬೇಕಾದ ಶಕ್ತಿ ನೂರಕ್ಕೆ 27ರಷ್ಟು ಇಳಿಯುತ್ತದೆ. ದಾರಿ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಅದೇ ದೂರಕ್ಕೆ ಐದನೇ ಒಂದು ಪಾಲಿನ ಹತ್ತಿರ ಎಣ್ಣೆ ಉಳಿಯಬಹುದು. ನೀರನ್ನು ಸೀಳಿಕೊಂಡು ಹೋಗುವ 9 ಮೀಟರ್ ಉದ್ದದ ದೋಣಿ ಗಂಟೆಗೆ ಸುಮಾರು 13 ಕಿಲೋಮೀಟರ್ ದಾಟಿದ ಮೇಲೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಕೊಟ್ಟ ಥ್ರಾಟಲೆಲ್ಲ ಅಲೆಗೇ ಹೋಗುತ್ತದೆ. ಹೋಗುವಾಗ ಮೀನಿನ ಆಸೆ, ಬರುವಾಗ ದಕ್ಕೆಯ ಹರಾಜಿಗೆ ಹೊತ್ತಾಗುವ ಆತುರ, ಎರಡೂ ನನಗೆ ಅರ್ಥವಾಗುತ್ತವೆ. ಆದರೂ ಹೋಗುವ ದಾರಿಯಲ್ಲಾದರೂ ಇಳಿಸಿ ನೋಡಿ.

ಇನ್ನು ಹೊಸ ಮೋಟಾರು. ಇಷ್ಟೆಲ್ಲ ಸರಿಪಡಿಸಿ ಮತ್ತೆ ಅಳೆದಾಗ ಲೀಟರಿಗೆ 12–15 ನಿಮಿಷ ಬಂದರೆ ನಿಮ್ಮ ಮೋಟಾರು ಆರೋಗ್ಯವಾಗಿದೆ. ಫೋರ್ ಸ್ಟ್ರೋಕ್ ಅದಕ್ಕಿಂತ ಕಡಿಮೆ ಕುಡಿಯುತ್ತದೆ ಎಂಬುದು ಸತ್ಯ, ಅದು ಭಾರ ಹೆಚ್ಚು, ಬೆಲೆಯೂ ಹೆಚ್ಚು ಎಂಬುದೂ ಸತ್ಯ. ಗಂಟೆಗೆ ಒಂದು ಲೀಟರ್ ಉಳಿಯುತ್ತದೆ, ದಿನಕ್ಕೆ 3 ಗಂಟೆ ಓಟ, ವರ್ಷಕ್ಕೆ 200 ದಿನ ಎಂದಿಟ್ಟುಕೊಂಡರೆ ಉಳಿಯುವುದು 600 ಲೀಟರ್. ಅದನ್ನು ನಿಮ್ಮೂರಿನ ಪೆಟ್ರೋಲ್ ಬೆಲೆಗೆ ಗುಣಿಸಿ, ಬರುವ ಮೊತ್ತದಿಂದ ಹೊಸ ಮೋಟಾರಿನ ಬೆಲೆಯನ್ನು ಭಾಗಿಸಿದರೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸು ಬರುತ್ತದೆ ಎಂದು ತಿಳಿಯುತ್ತದೆ. ನಿಮ್ಮ ಓಟ ಇದರ ಅರ್ಧವಾದರೆ ವರ್ಷ ಎರಡರಷ್ಟಾಗುತ್ತದೆ. ಕಂಪ್ರೆಶನ್ ಬಿದ್ದು, ಎರಡೂ ಸಿಲಿಂಡರು ಕೊರೆಯಿಸಬೇಕು, ಬಿಡಿಭಾಗವೂ ಸಿಗುತ್ತಿಲ್ಲ ಎನ್ನುವ ಸ್ಥಿತಿಯಿದ್ದರೆ ಮಾತ್ರ ಈ ಲೆಕ್ಕಕ್ಕೆ ಕಾಯದೆ ಬದಲಿಸಿ.