ಕಾರ್ಡು ಬೀಡ್‌ನದು, ಕಬ್ಬು ಆಳಂದದ್ದು: ವಲಸೆ ಕೂಲಿಗಳಿಗೆ ದವಾಖಾನೆ ಯಾಕೆ ದೂರ?

ದೀಪಾವಳಿ ಮುಗಿದ ಮೇಲೆ ಕಲಬುರಗಿ, ಬೀದರ್ ಜಿಲ್ಲೆಗಳ ಆಳಂದ, ಅಫಜಲಪುರ, ಭಾಲ್ಕಿ, ಹುಮನಾಬಾದ್ ಕಡೆ ಓಡಾಡಿದವರು ಈ ಜೋಪಡಿಗಳನ್ನು ನೋಡಿಯೇ ಇರುತ್ತೀರಿ. ಕಬ್ಬಿನ ಹೊಲದ ಪಕ್ಕದ ಖಾಲಿ ಜಾಗದಲ್ಲಿ ಸಾಲಾಗಿ ನಿಂತಿರುತ್ತವೆ. ಮೇಲೆ ತಾಡಪತ್ರಿ, ಮುಂದೆ ಮೂರು ಕಲ್ಲಿನ ಒಲೆ, ಬದಿಯಲ್ಲಿ ಕಟ್ಟಿದ ಎತ್ತು. ಮಹಾರಾಷ್ಟ್ರದ ಬೀಡ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಕಬ್ಬು ಕಡಿಯಲು ಬಂದ ಟೋಳಿಗಳ, ಅಂದರೆ ಕೂಲಿ ತಂಡಗಳ, ಬಿಡಾರ ಇವು. ಕಾರ್ಖಾನೆ ನುರಿಸುವುದು ನಿಲ್ಲಿಸುವ ತನಕ ಈ ಜನ ಇಲ್ಲೇ ಇರುತ್ತಾರೆ.

ಇವರ ಲೆಕ್ಕ ನಡೆಯುವುದು 'ಕೊಯ್ತಾ'ದಲ್ಲಿ. ಗಂಡ, ಹೆಂಡತಿ ಸೇರಿ ಒಂದು ಕೊಯ್ತಾ. ಊರು ಬಿಡುವ ಮೊದಲೇ ಮುಕಾದಮ, ಅಂದರೆ ಇವರನ್ನು ಕರೆತರುವ ಗುತ್ತಿಗೆದಾರ, ಮುಂಗಡ ಕೊಟ್ಟಿರುತ್ತಾನೆ. ಕಡಿದ ಕಬ್ಬಿನ ತೂಕದಲ್ಲಿ ಆ ಸಾಲ ತೀರಬೇಕು. ಒಂದು ದಿನ ತಪ್ಪಿಸಿದರೆ ದಂಡ ಬೀಳುತ್ತದೆ. ಅದಕ್ಕೆ 'ಖಾಡಾ' ಎನ್ನುತ್ತಾರೆ. ಈಗ ಇವರಲ್ಲಿ ಒಬ್ಬರಿಗೆ ಜ್ವರ ಬಂತು ಅಂದುಕೊಳ್ಳಿ. ದವಾಖಾನೆಗೆ ಹೋದರೆ ಆ ದಿನದ ಕೂಲಿ ಹೋಯಿತು. ದಂಡ ಬಿತ್ತು. ಗಾಡಿ ಖರ್ಚು, ಔಷಧಿ ಖರ್ಚು ಬೇರೆ. ಹೀಗಾಗಿ ಹತ್ತಿರದ ಊರಿನ, ಡಿಗ್ರಿ ಇಲ್ಲದ ಆರ್‌ಎಂಪಿ ಡಾಕ್ಟರ ಹತ್ತಿರ ಒಂದು ಸೂಜಿ ಮಾಡಿಸಿಕೊಂಡು ಮತ್ತೆ ಕತ್ತಿ ಹಿಡಿಯುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಸರ್ಕಾರಗಳು ಬಡವರಿಗಾಗಿ ಇಷ್ಟೊಂದು ಆರೋಗ್ಯ ಯೋಜನೆ ಮಾಡಿವೆ. ಅವು ಈ ಜೋಪಡಿ ತನಕ ಯಾಕೆ ಬರಲಿಲ್ಲ? ಉತ್ತರ ಹುಡುಕಿದರೆ 75 ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. ಎಲ್ಲರೂ ಇಎಸ್‌ಐ ಎನ್ನುವುದು ಇದಕ್ಕೇ. ಕೂಲಿಯಲ್ಲಿ ಒಂದು ಸಣ್ಣ ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಅದರಿಂದ ಮನೆ ಮಂದಿಗೆಲ್ಲ ಚಿಕಿತ್ಸೆ. ಬಹಳ ಒಳ್ಳೆಯ ಕಾನೂನು. ಆದರೆ ಕೆಲವು ತಿಂಗಳು ಮಾತ್ರ ನಡೆಯುವ 'ಹಂಗಾಮಿನ ಕಾರ್ಖಾನೆ'ಗಳನ್ನು ಅದು ಹೊರಗಿಟ್ಟಿತು. ಯಾವ ಕೆಲಸದ ಕಾರ್ಖಾನೆಗಳು? ಸಕ್ಕರೆ, ಬೆಲ್ಲ, ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು. ಈ ಪಟ್ಟಿ ಓದಿದಾಗಲೆಲ್ಲ ನನಗೆ ಯಾರೋ ನಮ್ಮ ಜಿಲ್ಲೆಗಳ ಕೆಲಸಗಳನ್ನೇ ಆರಿಸಿ ಬರೆದಂತೆ ಕಾಣುತ್ತದೆ. ಬೀದರ್‌ನ ಕಬ್ಬು, ಶಹಾಪುರದ ಹತ್ತಿ ಎರಡೂ ಅದರಲ್ಲಿವೆ. ಹೊಲದಲ್ಲಿ ದುಡಿಯುವವರ ಹೆಸರಂತೂ ಆ ಕಾನೂನಿನಲ್ಲಿ ಮೊದಲಿನಿಂದಲೂ ಇರಲಿಲ್ಲ. ಮುಂದೆ 2013ರಲ್ಲಿ ಕಲಬುರಗಿಯಲ್ಲೇ ಇಎಸ್‌ಐ ನಿಗಮದ ದೊಡ್ಡ ವೈದ್ಯಕೀಯ ಕಾಲೇಜು ಶುರುವಾಯಿತು. ಕಬ್ಬು ಕಡಿಯುವವರ ಕೈಯಲ್ಲಿ ಮಾತ್ರ ಇಂದಿಗೂ ಇಎಸ್‌ಐ ಕಾರ್ಡ್ ಇಲ್ಲ.

ಆಮೇಲೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು, 2025ರ ನವೆಂಬರ್ ತನಕ ಇತ್ತು. ಒಡಿಶಾದಿಂದ ದೂರದ ಊರುಗಳಿಗೆ ಸಾಗಿಸುತ್ತಿದ್ದ 'ದಾದನ್' ಕೂಲಿಗಳ ಕಷ್ಟ ನೋಡಿ ಮಾಡಿದ ಕಾನೂನು. ಗುತ್ತಿಗೆದಾರ ಐದು ಅಥವಾ ಜಾಸ್ತಿ ಜನರನ್ನು ರಾಜ್ಯದ ಗಡಿ ದಾಟಿಸಿ ತಂದರೆ ಅವರ ಹೆಸರು ನೋಂದಾಯಿಸಬೇಕಿತ್ತು, ಉಚಿತವಾಗಿ ಔಷಧೋಪಚಾರ ಕೊಡಿಸಬೇಕಿತ್ತು. ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು? ಹೊಲದಲ್ಲಿ ಆಗುವುದು ಬೇರೆ. ಕಾರ್ಖಾನೆಯನ್ನು ಕೇಳಿದರೆ ಅವರು ಮುಕಾದಮನ ಜನ. ಮುಕಾದಮನನ್ನು ಕೇಳಿದರೆ ಕೆಲಸ ಕಾರ್ಖಾನೆಯದು. ರೈತನೂ ತನಗೆ ಸಂಬಂಧವಿಲ್ಲ ಎನ್ನುತ್ತಾನೆ. ಗಾಯವಾದವನಿಗೆ ಮಾಲೀಕ ಯಾರು ಎಂಬುದೇ ತೀರ್ಮಾನವಾಗುವುದಿಲ್ಲ.

ನಮ್ಮ ಭಾಗಕ್ಕೆ ನಿಜವಾಗಿ ಹೆಮ್ಮೆ ತರುವ ಒಂದು ಘಟ್ಟವೂ ಈ ಕಥೆಯಲ್ಲಿದೆ. ಬಡವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ಕಲಬುರಗಿ ವಿಭಾಗದಲ್ಲೇ. ಹೃದಯ, ಕಿಡ್ನಿ, ಕ್ಯಾನ್ಸರ್, ಸುಟ್ಟ ಗಾಯ ಮುಂತಾದವಕ್ಕೆ ಒಂದು ಕುಟುಂಬಕ್ಕೆ 1.5 ಲಕ್ಷ ರೂಪಾಯಿ ತನಕ ಖರ್ಚು ಕೊಡುತ್ತಿದ್ದರು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಇಲ್ಲದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಆಗುವ ಬಡವರ ಸಾವು ಶೇ 64ರಷ್ಟು ಕಡಿಮೆಯಾಗಿತ್ತು. ಕಾರ್ಡೊಂದು ಜೀವ ಉಳಿಸುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಆ ಕಾರ್ಡು ಕರ್ನಾಟಕದ ಬಿಪಿಎಲ್ ಕಾರ್ಡ್ ಆಗಿರಬೇಕಿತ್ತು, ಅಷ್ಟೇ.

2018ರಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಅದರ ಜೊತೆ ಸೇರಿತು. ಮೊತ್ತ ಐದು ಲಕ್ಷಕ್ಕೆ ಏರಿತು. ಆಯುಷ್ಮಾನ್ ಕಾರ್ಡ್ ಇದ್ದವರು ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯಬಹುದು ಎಂಬ ನಿಯಮ ಇದೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ಜ್ವರ, ಕೈಗೆ ಬಿದ್ದ ಕತ್ತಿ ಏಟು, ಬಿಪಿ ಮಾತ್ರೆ ಇವು ಯಾವುವೂ ಅದರಲ್ಲಿ ಬರುವುದಿಲ್ಲ. ಕೂಲಿ ಮಾಡುವವರ ಕೈಯಿಂದ ದುಡ್ಡು ಸೋರುವುದು ಇಂಥ ಸಣ್ಣಪುಟ್ಟ ಕಾಯಿಲೆಗಳಿಗೇ ಅಲ್ವಾ?

ಇಷ್ಟು ಹೇಳಿ ನಮ್ಮ ಜನರ ಮಾತು ಬಿಟ್ಟರೆ ತಪ್ಪಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ, ಕಲಬುರಗಿಯ ಹಳ್ಳಿಗಳು, ತಾಂಡಾಗಳು ಖಾಲಿಯಾಗುತ್ತವೆ. ಗುಳೆ ಹೋಗುವುದು ಬೆಂಗಳೂರು, ಪುಣೆ, ಮುಂಬೈಗೆ. ಬೀಡ್‌ನವರು ಇಲ್ಲಿ ಹೇಗೆ ಹೊರಗಿನವರೋ, ನಮ್ಮವರು ಅಲ್ಲಿ ಹಾಗೇ. ತಗಡಿನ ಶೆಡ್ಡಿನಲ್ಲಿ ವಾಸ, ರೇಷನ್ ಕಾರ್ಡ್ ಊರಲ್ಲಿ ಮುದುಕರ ಹತ್ತಿರ. ಬಸುರಿ ಹೆಂಗಸಿನ ತಾಯಿ ಕಾರ್ಡ್ ಒಂದು ಕಡೆ, ಹೆರಿಗೆ ಇನ್ನೊಂದು ಕಡೆ.

ಸರಿಯಾದ ಚಿಕಿತ್ಸೆ ಸಿಗದ ಕಡೆ ಕೆಟ್ಟ ಚಿಕಿತ್ಸೆ ಕಾಯ್ದುಕೊಂಡು ಕೂತಿರುತ್ತದೆ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಹೆಂಗಸರ ಗರ್ಭಕೋಶವನ್ನೇ ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅವರಲ್ಲಿ ಜಾಸ್ತಿ ಜನ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. ತಾಂಡಾದ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ನಾಲ್ಕು ವರ್ಷದ ನಂತರ, 2019ರಲ್ಲಿ, ಬೀಡ್‌ನ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಕಥೆ ಎಂದು ಹೊರಬಿತ್ತು. ರಾಜ್ಯ ಬೇರೆ, ಭಾಷೆ ಬೇರೆ. ಎರಡೂ ಕಡೆ ದುಡಿಮೆ ತಪ್ಪಿಸಲಾಗದ, ಸರ್ಕಾರಿ ದವಾಖಾನೆ ಮುಟ್ಟಲಾಗದ ಹೆಂಗಸರೇ ಇದ್ದರು.

2020ರ ಲಾಕ್‌ಡೌನ್‌ನಲ್ಲಿ ಮುಂಬೈಯಿಂದ ನಮ್ಮ ಜನ ವಾಪಸ್ ಬಂದಾಗ ಯಾದಗಿರಿ, ಕಲಬುರಗಿಯಲ್ಲಿ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಗುಳೆ ಹೋದವರ ಲೆಕ್ಕ ಸರ್ಕಾರದ ಹತ್ತಿರ ಇಲ್ಲ ಎಂಬುದು ಆಗ ದೇಶಕ್ಕೆಲ್ಲ ಗೊತ್ತಾಯಿತು. 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಶುರುವಾಯಿತು. ಅದರ ಕಾರ್ಡ್ ತಂದವರು ಅದನ್ನೇ ದವಾಖಾನೆ ಕಾರ್ಡ್ ಎಂದು ತಿಳಿದುಕೊಳ್ಳುವುದೂ ಇದೆ. ಆ ಕಾರ್ಡಿನಿಂದ ಚಿಕಿತ್ಸೆ ಸಿಗುವುದಿಲ್ಲ. ಪಡಿತರ ಈಗ ಯಾವ ರಾಜ್ಯದಲ್ಲಾದರೂ ಸಿಗುತ್ತದೆ. ಅಕ್ಕಿ ಗಡಿ ದಾಟಿತು, ದವಾಖಾನೆ ಇನ್ನೂ ಪೂರ್ತಿ ದಾಟಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರು ಹೋದರೂ ನೋಡುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು, ನೋಡುತ್ತಾರೆ. ಆದರೆ ಅದು ತೆರೆದಿರುವ ಹೊತ್ತಿನಲ್ಲಿ ಇವರು ಕಬ್ಬಿನ ನಡುವೆ ಇರುತ್ತಾರೆ. ಆಶಾ ಕಾರ್ಯಕರ್ತೆಯ ಪಟ್ಟಿ ಊರಿನ ಮನೆಗಳ ಪ್ರಕಾರ ಇರುತ್ತದೆ, ಜೋಪಡಿ ಅದರಲ್ಲಿ ಇರುವುದಿಲ್ಲ. ರಾತ್ರಿ ಹಾವು ಕಚ್ಚಿ 108ಕ್ಕೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ಎಲ್ಲಿದ್ದೀರಿ ಎಂಬುದು. ಮರಾಠಿ ಅಥವಾ ಲಂಬಾಣಿಗರ ಗೋರಬೋಲಿ ಮಾತಾಡುವವರು, ಹೋದ ವಾರವಷ್ಟೇ ಈ ಹೊಲಕ್ಕೆ ಬಂದವರು, ಏನೆಂದು ಗುರುತು ಹೇಳಬೇಕು? ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶ ಮಾಡಿತು. ದವಾಖಾನೆ ಮುಟ್ಟದವರು ಆ ವರದಿಯಲ್ಲೂ ಬರುವುದಿಲ್ಲ.

ಇದು ಆಗದ ಕೆಲಸ ಎಂದು ನಾನು ಒಪ್ಪುವುದಿಲ್ಲ. ಪಲ್ಸ್ ಪೋಲಿಯೊ ಕಾಲದಲ್ಲಿ ಇಟ್ಟಿಗೆ ಭಟ್ಟಿ, ಕಬ್ಬಿನ ಹೊಲ, ಅಲೆಮಾರಿಗಳ ಬಿಡಾರಗಳನ್ನೆಲ್ಲ ಪ್ರತ್ಯೇಕವಾಗಿ ಗುರುತು ಮಾಡಿ, ಐಸ್ ಡಬ್ಬಿ ಹೊತ್ತು ಅಲ್ಲಿಗೇ ಹೋದರು. ಯಾವ ಮಗುವಿಗೂ ಎರಡು ಹನಿ ಹಾಕುವ ಮುನ್ನ ನಿನ್ನ ಕಾರ್ಡ್ ಯಾವ ರಾಜ್ಯದ್ದು ಎಂದು ಕೇಳಲಿಲ್ಲ. ಯಾವ ಟೋಳಿ ಯಾವ ಊರಲ್ಲಿ ಇಳಿದಿದೆ, ಎಷ್ಟು ಕೊಯ್ತಾ ಇವೆ ಎಂಬುದು ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಗೊತ್ತಿರುತ್ತದೆ. ಗೊತ್ತಿಲ್ಲದೆ ಕಟಾವು ನಡೆಯುವುದೇ ಇಲ್ಲ. ನವೆಂಬರ್‌ನಲ್ಲಿ ಆ ಪಟ್ಟಿಯ ಒಂದು ಪ್ರತಿ ಆ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪಲಿ. ವಾರಕ್ಕೊಂದು ಸಂಜೆ, ಒಲೆ ಹಚ್ಚುವ ಹೊತ್ತಿಗೆ, ನರ್ಸಮ್ಮ ಒಬ್ಬರು ಜೋಪಡಿಯ ಕಡೆ ಬರಲಿ.